ಲವಂಗದಜ್ಜನ ಹಲ್ಲುನೋವು

ಪೆಂಬಾ ದ್ವೀಪದ ನಮ್ಮೂರಿನಲ್ಲಿ ಲವಂಗ ಒಣಹಾಕದ ಅಂಗಳವಿಲ್ಲ. ಆದರೂ ಲವಂಗದಜ್ಜ ಎಂದರೆ ಮಕಾಮೆ ಒಬ್ಬನೇ. ಹೊಟ್ಟೆಯುಬ್ಬರಕ್ಕೆ ಲವಂಗದ ಕಷಾಯ, ಮಂಡಿನೋವಿಗೆ ಲವಂಗದೆಣ್ಣೆ, ಮದುಮಗಳ ಮೈಗೆ ಅರೆದ ಲವಂಗದ ಲೇಪ. ಕೋಳಿ ಮೊಟ್ಟೆಯಿಡದಿದ್ದರೆ ಅದಕ್ಕೂ ಲವಂಗ. ಪಟ್ಟಣಕ್ಕೆ ಹಲ್ಲಿನ ಡಾಕ್ಟರಮ್ಮ ಬಂದಾಗ, "ಲವಂಗ ಇರೋ ಊರಲ್ಲಿ ಅವಳು ನೊಣ ಹೊಡೀಬೇಕಷ್ಟೆ" ಎಂದು ಸಂತೆಯಲ್ಲೆಲ್ಲ ಸಾರಿದ್ದ. ದೇವರು ಇಂಥ ಮಾತನ್ನು ತಪ್ಪದೆ ಕೇಳಿಸಿಕೊಳ್ಳುತ್ತಾನೆ.

ಅಜ್ಜನ ದವಡೆ ಹಲ್ಲು ನೋಯತೊಡಗಿತು. ಲವಂಗ ಅಗಿದ, ಎಣ್ಣೆ ಬಿಟ್ಟ. ಒಂದು ಗಳಿಗೆ ಮರಗಟ್ಟಿ, ಮತ್ತೆ ಶುರು.

"ಡಾಕ್ಟರಮ್ಮನ ಹತ್ರ ಹೋಗಿಬನ್ನಿ," ಎಂದಳು ಹೆಂಡತಿ ಜುವೇನಾ.

"ಯಾರಾದ್ರೂ ನೋಡಿದ್ರೆ ನಾಳೆಯಿಂದ ನನ್ನನ್ನ ಯಾರೂ ಕ್ಯಾರೇ ಅನ್ನಲ್ಲ."

"ಹಾಗಾದ್ರೆ ನನ್ನ ಬುರ್ಖಾ ಹಾಕ್ಕೊಳ್ಳಿ. ಮೀಸೆನೂ ಮುಚ್ಚುತ್ತೆ, ಮರ್ಯಾದೆನೂ ಉಳಿಯುತ್ತೆ."

ಹಾಗೇ ಹೊರಟ. ಜೊತೆಗೆ ಪಕ್ಕದ ಮನೆಯವಳಾದ ನಾನು. ಹೋಗಿ ನೋಡಿದರೆ ಡಾಕ್ಟರಮ್ಮನ ಬೆಂಚಿನ ಮೇಲೆ ಅರ್ಧ ಊರೇ ಕೂತಿದೆ. ಮೀನು ಮಾರುವ ಖತೀಬು ನನ್ನನ್ನು ಕಂಡು ಬೆವೆತುಹೋದ.

"ಅಕ್ಕಾ, ಅಜ್ಜಂಗೆ ಹೇಳ್ಬೇಡ. ಪಾಪ, ನೊಂದ್ಕೋತಾನೆ. ಅವನ ಲವಂಗದಿಂದ್ಲೇ ಹಲ್ಲು ವಾಸಿಯಾಯ್ತು ಅಂತ ನಾವೆಲ್ಲ ಹೇಳ್ಕೊಂಡು ಬಂದಿದೀವಿ."

ಬೆಂಚಿಗೆ ಬೆಂಚೇ ತಲೆಯಾಡಿಸಿತು. ನನ್ನ ಪಕ್ಕದ ಬುರ್ಖಾ ಬುಸುಗುಟ್ಟಿತು. ನಗು ತಡೆಯಲು ನಾಲಿಗೆ ಕಚ್ಚಿಕೊಂಡೆ. ಅಯ್ಯೋ ಅನ್ನಿಸಿತು ಕೂಡ.

ಒಳಗೆ ಡಾಕ್ಟರಮ್ಮ ಮೀಸೆ ಕಂಡೂ ತುಟಿ ಬಿಚ್ಚಲಿಲ್ಲ. ಬಲು ಒಳ್ಳೆಯ ಹೆಂಗಸು. ಹುಳುಕು ಕೊರೆದು, ಬಿಳಿ ಮುದ್ದೆಯೊಂದನ್ನು ಕಲಸಿ ತೂತಿಗೆ ಮೆತ್ತಿದಳು. ಅಜ್ಜ ಮೂಗರಳಿಸಿದ.

"ಇದಕ್ಕೇನಮ್ಮಾ ಹಾಕಿದೀಯ?"

"ಲವಂಗದೆಣ್ಣೆ ಅಜ್ಜ. ಆದ್ರೆ ಕೊರೀದೆ ಬರೀ ಎಣ್ಣೆ..."

ಆದರೆ ಗೀದರೆ ಕೇಳಲು ಅಜ್ಜನಿಗೆ ಪುರಸೊತ್ತೆಲ್ಲಿ? ಮುಖದ ಪರದೆ ಕಿತ್ತು, ಬುರ್ಖಾ ಮಂಡಿವರೆಗೆ ಎತ್ತಿಕೊಂಡು ಹೊರಗೆ ಓಡಿದ.

"ಕೇಳ್ರೋ, ಒಳಗಿರೋದೂ ಲವಂಗವೇ."

ಎಲ್ಲರ ಕಣ್ಣೂ ಬುರ್ಖಾದ ಮೇಲೆ. ಆಗಲೇ ಅಜ್ಜನಿಗೆ ತಾನೆಲ್ಲಿ ನಿಂತಿದ್ದೇನೆ, ಏನುಟ್ಟು ನಿಂತಿದ್ದೇನೆ ಎಂದು ಹೊಳೆದದ್ದು. ಬೆಂಚಿನ ತುದಿಯಲ್ಲಿ ಕುಸಿದು ಕೂತ.

"ಇನ್ಮೇಲೆ ನನ್ನ ಹತ್ರ ಯಾರಪ್ಪಾ ಬರ್ತಾರೆ?" ದನಿ ತೀರ ಸಣ್ಣದಾಗಿತ್ತು.

ಖತೀಬು ಸರಿದು ಹತ್ತಿರ ಕೂತ.

"ನಾನು ಸಂಜೆಗೇ ಬರ್ತೀನಿ ಅಜ್ಜ. ಹೆಂಡ್ತಿ ಮಾತು ಬಿಟ್ಟಿದಾಳೆ. ಕೇಳಿದೆ, ಅದಕ್ಕೆ ಈಯಮ್ಮನ ಹತ್ರ ಔಷಧಿ ಇಲ್ವಂತೆ."