ನಾಗಕ್ಕನ ಮೂರನೇ ನಂಬರು

ಗುಲ್ವಾಡಿಯಲ್ಲಿ ನನ್ನ ಗದ್ದೆ ರಸ್ತೆಗೆ ತಾಗಿಕೊಂಡಿದೆ. ಅದರಾಚೆ, ಹೊಳೆಯ ಬದಿಗೆ, ನಾಗಕ್ಕನ ಗದ್ದೆ. ಅವಳ ಗದ್ದೆಗೆ ಬೇರೆ ದಾರಿ ಇಲ್ಲ. ಅವಳ ಕತೆ ಹೇಳುವ ಮೊದಲು ಇದೊಂದನ್ನು ಹೇಳಿಡಬೇಕು.

ನಾಲ್ಕನೇ ಕ್ಲಾಸಿನ ತನಕ ನಮ್ಮದು ಒಂದೇ ಶಾಲೆ. ನಾನು ಅಲ್ಲಿಗೇ ನಿಲ್ಲಿಸಿದೆ. ಅವಳ ಕಿತಾಪತಿ ನಿಲ್ಲಲಿಲ್ಲ. ನಾವು ಜೊತೆಗಿದ್ದಾಗ ಶಾಲೆಯ ಗಿಡಗಳಿಗೆ ನೀರು ಹೊರುವವರು ಯಾರೆಂದು ಚೀಟಿ ಎತ್ತುತ್ತಿದ್ದರು. ಎತ್ತುವವಳು ಇವಳೇ. ತನ್ನ ಹೆಸರಿನ ಚೀಟಿಯೊಳಗೆ ಒಂದು ಅಕ್ಕಿಕಾಳು ಮಡಚಿಟ್ಟಿರುತ್ತಿದ್ದಳು. ಬೆರಳಿಗೆ ಕಾಳು ತಾಗಿದರೆ ಅದನ್ನು ಬಿಟ್ಟು ಬೇರೆ ಎತ್ತುವುದು. ವರ್ಷವಿಡೀ ನೀರು ಹೊತ್ತವನು ನಾನು.

ಅವಳ ಮದುವೆಯೂ ಊರೊಳಗೇ ಆಯಿತು. ಗಂಡ ಮುಂಬೈಯ ಹೋಟೆಲಿನಲ್ಲಿ, ಬೇಸಾಯವೆಲ್ಲ ಇವಳದ್ದು. ಐವತ್ತು ದಾಟಿದರೂ ತಲೆಗೆ ಬೈರಾಸು ಸುತ್ತಿ ಗದ್ದೆಗಿಳಿದರೆ ನಮ್ಮಂಥ ಗಂಡಸರು ಬದಿಗೆ ಸರಿಯಬೇಕು.

ಕೊಯ್ಲಿನ ಹೊತ್ತಿಗೆ ಘಟ್ಟದ ಮೇಲಿನಿಂದ ಕಟಾವು ಮಷಿನ್ ಬರುತ್ತದೆ. ಒಂದು ಮಷಿನ್, ಎಂಟು ಮನೆ. ತಡವಾಗಿ ಮಳೆ ಬಿದ್ದರೆ ಪೈರು ಮಲಗಿ, ಮಲಗಿದಲ್ಲೇ ಮೊಳಕೆ ಬರುತ್ತದೆ. ಹಾಗಾಗಿ ಯಾರ ಗದ್ದೆ ಮೊದಲು ಎಂದು ಚೊಂಬಿನಿಂದ ಚೀಟಿ ಎತ್ತುವ ಪದ್ಧತಿ. ಕಳೆದ ವರ್ಷ ಆ ಚೊಂಬನ್ನು ನಾನು ಅಂಗಳಕ್ಕೆ ಎಸೆದಿದ್ದೆ. ನಾಗಕ್ಕನ ಚೀಟಿಯೊಳಗೆ ಅಕ್ಕಿಕಾಳಿತ್ತು.

ಈ ಸಲ ನನ್ನ ತಂಗಿಯ ಮಗಳು ನವ್ಯಾ ಮುಂದೆ ಬಂದಳು. ಕುಂದಾಪುರದಲ್ಲಿ ಕಂಪ್ಯೂಟರ್ ಕಲಿಯಲು ಈಗಷ್ಟೇ ಸೇರಿದ ಹುಡುಗಿ.

"ಮಾವ, ನಾ ಪ್ರೋಗ್ರಾಮ್ ಬರಿತೆ. ಎಂಟ್ ನಂಬರ್ ಕಲಸಿ ಅದೇ ಸಾಲ್ ಮಾಡಿ ಕೊಡತ್ತ್."

"ಅದ್ರೊಳ್ಗೆ ಅಕ್ಕಿಕಾಳ್ ಹಾಕುಕಾತ್ತಾ?"

"ಇಲ್ಲ ಮಾವ!"

ನಂಬರು ಎತ್ತುವ ಹಿಂದಿನ ಸಂಜೆ ನಾಗಕ್ಕ ಅವಳನ್ನು ಮನೆಗೆ ಕರೆದು ತಿನ್ನಲು ಗೋಳಿಬಜೆ ಕೊಟ್ಟಳಂತೆ. "ಅದೆಂತ ಮಗಾ, ಒಂದ್ಸಲ ತೋರ್ಸ್ ಕಾಂಬ." ತೋರಿಸಿದಳು. "ಮುಚ್ಚಿ ಇನ್ನೊಂದ್ಸಲ ತೋರ್ಸ್." ಮತ್ತೆ ತೋರಿಸಿದಳು. ನವ್ಯಾಳ ಕಣ್ಣು ಗೋಳಿಬಜೆ ಮೇಲೆ, ನಾಗಕ್ಕನ ಕಣ್ಣು ಕಂಪ್ಯೂಟರಿನ ಮೇಲೆ. ಎಷ್ಟು ಸಲ ತೆರೆದರೂ ಸಾಲಿನ ತಲೆಗೆ ಮೂರೇ ಬರುತ್ತಿತ್ತು. ಹುಡುಗಿಗೆ ಅದು ಕಾಣಲೇ ಇಲ್ಲ.

ಮರುದಿನ ಹಾಲಿನ ಡಿಪೋದ ಜಗಲಿಯಲ್ಲಿ ಎಲ್ಲರೂ ಒಂದೊಂದು ನಂಬರು ಆರಿಸಿಕೊಂಡೆವು.

"ನಂಗ್ ಮೂರ್ ಇರ್ಲಿ," ಎಂದಳು ನಾಗಕ್ಕ. "ನಾ ಅಬ್ಬಿಗೆ ಮೂರ್ನೇ ಮಗ್ಳ್."

ನನ್ನದು ಏಳು. ನವ್ಯಾ ಒತ್ತಿದಳು. ಮೊದಲು ಮೂರು. ಕಟ್ಟಕಡೆಗೆ ಏಳು.

"ಹ್ವಾಯ್, ಮುಚ್ಚಿ ಇನ್ನೊಂದ್ಸಲ ಒತ್ತ್!" ಎಂದು ಎದ್ದು ನಿಂತೆ. ಒತ್ತಿದಳು. ಅದೇ ಸಾಲು. ಮತ್ತೆ ಒತ್ತಿದರೂ ಅದೇ. ಹುಡುಗಿಯ ಮುಖ ಸಣ್ಣದಾಯಿತು. ಕಂಪ್ಯೂಟರಿಗೆ ಸುಮ್ಮನೆ ಮನಸ್ಸಿಗೆ ಬಂದ ನಂಬರು ಹೇಳಲು ಬರುವುದಿಲ್ಲವಂತೆ. ಒಂದು ಅಂಕೆಯಿಂದ ಹೊರಟು ಲೆಕ್ಕ ಮಾಡುತ್ತಾ ಹೋಗುವುದಂತೆ. ಹೊರಡುವ ಅಂಕೆ ಬದಲಾಗದಿದ್ದರೆ ಸಾಲೂ ಬದಲಾಗದು. ಅದನ್ನು ಬದಲಿಸಲು ನವ್ಯಾ ಮರೆತಿದ್ದಳು.

ನೆರೆಮನೆಯ ಬಚ್ಚ ಹೊಟ್ಟೆ ಹಿಡಿದು ನಕ್ಕ. "ಸುಬ್ಬಣ್ಣ, ಈ ಸಲ ಅಕ್ಕಿಕಾಳ್ ಕಂಪ್ಯೂಟರಿನೊಳ್ಗೇ ಇತ್ತ್ ಕಾಣ್!"

"ಹೆಣ್ಣಿಗೆ ಗೋಳಿಬಜೆ ಕೊಟ್ಟದ್ದ್ ತಪ್ಪಾ?" ಎಂದ ನಾಗಕ್ಕ ನನ್ನ ಕಡೆ ಕಣ್ಣು ಮಿಟುಕಿಸಿದಳು. "ಸುಬ್ಬ, ಸುಮ್ನೆ ಕೂಕೊ. ಇದ್ರಂಗೆ ನಿಂಗೇ ಒಳ್ಳೇದ್."

"ಎಂತ ಒಳ್ಳೇದ್? ಕಡೀಗ್ ಬಂದವ ನಾನ್! ಸರಿ ಮಾಡಿ ಒತ್ತ್ ಹೆಣೆ!"

ಒತ್ತುವ ಕ್ಷಣದ ಗಡಿಯಾರದಿಂದ ಹೊರಡುವ ಅಂಕೆ ಸಿಗುವಂತೆ ನವ್ಯಾ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದಳು. ಈಗ ಮೊದಲು ಬಂದದ್ದು ಬಚ್ಚನ ನಂಬರು. ಮೂರು ಮತ್ತು ಏಳು ಕೊನೆಯಲ್ಲಿ ಜೊತೆಯಾಗಿ ಕೂತಿದ್ದವು.

ನಾಗಕ್ಕ ಸೊಂಟಕ್ಕೆ ಕೈಯಿಟ್ಟಳು. "ಹ್ವಾಯ್, ನನ್ ಗದ್ದಿಗ್ ಮಷಿನ್ ಬಪ್ದ್ ಎಲ್ಲಿಂದ? ಆಕಾಶದಿಂದ್ಲಾ?"

ನಾನು ಮೆಲ್ಲಗೆ ಕೂತೆ. ಅವಳ ಗದ್ದೆಗೆ ಹೋಗಬೇಕಾದರೆ ಮಷಿನ್ ನನ್ನ ಪೈರು ಕೊಯ್ದೇ ದಾಟಬೇಕು. ಅವಳು ಮೊದಲಾಗಿದ್ದರೆ ಅವಳಿಗಿಂತ ಮೊದಲು ನಾನು. ಇದು ಊರಿಗೇ ಗೊತ್ತಿತ್ತು, ನನಗೂ ಗೊತ್ತಿತ್ತು. ಸಿಟ್ಟು ಬಂದಾಗ ನನ್ನ ಗದ್ದೆ ಎಲ್ಲಿದೆ ಎನ್ನುವುದೇ ಮರೆತುಹೋಗಿತ್ತು.

ಸಂಜೆಗೆ ಪಡುವಣದಲ್ಲಿ ಮೋಡ ಕಟ್ಟಿತು; ನಮ್ಮ ಸರದಿಗೆ ಕಾದರೆ ಪೈರು ಮಲಗುವುದು ಖಂಡಿತ. ಬೆಳಿಗ್ಗೆ ಬಚ್ಚನ ಗದ್ದೆಯಲ್ಲಿ ಮಷಿನ್ ಗುಡುಗುಡು ಎನ್ನುವಾಗ ನಾಗಕ್ಕ ಕತ್ತಿ ಹಿಡಿದು ನನ್ನ ಅಂಗಳಕ್ಕೆ ಬಂದಳು.

"ಮಷಿನ್ ತಪ್ಸಿದ್ದ್ ನೀನ್. ಕೊಯ್ಯುದೂ ನೀನೇ. ನಂದ್ ಮೊದ್ಲ್."

ನಾನು ಬಗ್ಗಿ ಕೊಯ್ದೆ. ಅವಳು ಅಂಚಿನ ಮೇಲೆ ಕೂತು, "ಈಗ ಆ ಮೂಲಿ... ಈಗ ಈ ಮೂಲಿ" ಎಂದು ಕೂಗುತ್ತಿದ್ದಳು.

"ಒಂದ್ ಬದಿಂದ ಕೊಯ್ಯುಕ್ ಬಿಡ್ ಮಾರಾಯ್ತಿ!"

"ಒಂದೇ ಸಾಲಂಗ್ ಬಂದ್ರೆ ಮೋಸ ಅಂದವ ನೀನೇ ಅಲ್ದಾ? ಅಡ್ಡಾದಿಡ್ಡಿ ಹೋಪ್ದೇ ನ್ಯಾಯ!"

ಅವಳದ್ದು ಮುಗಿದ ಮೇಲೆ ಸೀರೆ ಎತ್ತಿ ಕಟ್ಟಿಕೊಂಡು ನನ್ನ ಗದ್ದೆಗೆ ಇಳಿದಳು. ನಾನು ಪೈರಿನ ಒಂದು ಸೂಡಿ ಕಟ್ಟುವಷ್ಟರಲ್ಲಿ ಅವಳದ್ದು ಎರಡಾಗುತ್ತಿತ್ತು. ಕೊನೆಯ ಸೂಡಿ ಜಗಲಿಗೆ ಸೇರುವಾಗ ಮಳೆ ಹನಿಯಿತು.

ನಾಗಕ್ಕ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡಳು. "ಬಪ್ಪ ವರ್ಷ ಹೆಣ್ಣಿಗೆ ಗೋಳಿಬಜೆ ನೀ ಮಾಡ್, ಸುಬ್ಬ. ಒತ್ತುವಾಗ ಗಡಿಯಾರ ನಾ ಕಾಂತೆ."