ಪೂವಪ್ಪ ಬಿಚ್ಚಿಟ್ಟ ಲಾರಿ

ಸತ್ತವರ ಮೇಲೆ ಸಿಟ್ಟು ಮಾಡಬಾರದು ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದ ಹಿರಿಯರಲ್ಲಿ ಯಾರೂ ಬೋಳಾರದ ಪೂವಪ್ಪನ ಲಾರಿಯನ್ನು ರಿಪೇರಿ ಮಾಡಿದವರಲ್ಲ. ಅವನ ಮಗ ಮಾಯಿಲಪ್ಪ ಮಾಡುತ್ತಿದ್ದ. ಹಾಗಾಗಿ ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಳೆಗಾಲವಿಡೀ ಅವನು ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡು, ಎಂದೋ ಸುಟ್ಟು ಬೂದಿಯಾದ ಅಪ್ಪನನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ತಾಯಿ ದೇಯಿ ಒಳಗಿನಿಂದ, "ಸ್ವಲ್ಪ ಮೆಲ್ಲ ಬಯ್ಯು ಮಗಾ, ರಸ್ತೆಗೆ ಕೇಳ್ತದೆ" ಎನ್ನುತ್ತಿದ್ದಳು. ಬಯ್ಯಬೇಡ ಎಂದು ಅವಳೂ ಹೇಳುತ್ತಿರಲಿಲ್ಲ.

ಅಂಗಳದ ಜೀಗುಜ್ಜೆ ಮರದಡಿ ನಿಂತಿದ್ದ ಆ ಷವರ್ಲೆಟ್ ಲಾರಿ ಒಂದು ಕಾಲದಲ್ಲಿ ಹೊಳೆಬದಿಯ ಹೆಂಚಿನ ಕಾರ್ಖಾನೆಗಳಿಂದ ಪುತ್ತೂರು, ಕಾರ್ಕಳದವರೆಗೆ ಹೆಂಚು ಸಾಗಿಸಿತ್ತು. ಪೂವಪ್ಪ ಓಡಿಸುತ್ತಿದ್ದ, ಮಾಯಿಲಪ್ಪ ಎಡಗಡೆ ಕೂರುತ್ತಿದ್ದ. ಏರಿನಲ್ಲಿ ಲಾರಿ ಉಸಿರು ಬಿಟ್ಟರೆ ಕೆಳಗೆ ಹಾರಿ ಚಕ್ರದ ಹಿಂದೆ ಮರದ ತುಂಡು ಇಡುವುದು ಮಗನ ಕೆಲಸ. ಅಪ್ಪನಿಗೆ ಮಾತು ಬಹಳ ಕಡಿಮೆ. ಬಂಟ್ವಾಳ ದಾಟುವ ತನಕ "ಹ್ಞೂಂ", ದಾಟಿದ ಮೇಲೆ "ಗಂಜಿ ತೆಗಿ", ಅಷ್ಟೇ. ಆದರೆ ಗಂಜಿಯ ಜೊತೆ ತಂದ ಒಣಮೀನಿನ ದೊಡ್ಡ ತುಂಡು ಯಾವಾಗಲೂ ಮಗನ ಕಡೆಗೇ ಸರಿಯುತ್ತಿತ್ತು.

ಯುದ್ಧದ ನಡುವೆ ಒಂದು ಸುದ್ದಿ ಬಂದರಿನಿಂದ ಹೊರಟು ಊರೆಲ್ಲ ಹರಡಿತು. ಓಡುವ ಲಾರಿಗಳನ್ನೆಲ್ಲ ಸರಕಾರ ಮಿಲಿಟರಿಗೆ ಹಿಡಿದುಕೊಳ್ಳುತ್ತದಂತೆ. ಆ ದಿನಗಳಲ್ಲೇ ಮಾಯಿಲಪ್ಪ ಮೂಡುಬಿದಿರೆಗೆ ಒಂದು ಮದುವೆಗೆ ಹೋಗಿ ಬಂದ. ಬಂದು ನೋಡಿದರೆ ಲಾರಿ ಮರದಡಿ ಮಣ್ಣಾಗಿ ನಿಂತಿದೆ, ಬಾನೆಟ್ ಎತ್ತಿದರೆ ಕಾರ್ಬೊರೇಟರ್ ಇಲ್ಲ. ಎಂಜಿನ್ ತಿರುಗಿಸುವ ಹ್ಯಾಂಡಲ್ ಇಲ್ಲ. ಕಿಡಿ ಹಂಚುವ ಡಬ್ಬಿಯೊಳಗೆ ತಿರುಗುವ, ಹೆಬ್ಬೆರಳಿನಷ್ಟು ದೊಡ್ಡ ರೋಟರ್ ಎಂಬ ಕಪ್ಪು ತುಂಡೂ ಇಲ್ಲ. ಅದು ಇಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಬರಿಯ ಕಬ್ಬಿಣ.

"ಎಲ್ಲಿ ಹೋಯ್ತು ಅಪ್ಪಾ?"

"ಕೇಳ್ಬೇಡ."

ಮಾಯಿಲಪ್ಪ ಕೇಳಲಿಲ್ಲ. ಅದೇ ಅವನು ಮಾಡಿದ ತಪ್ಪು. ಮಿಲಿಟರಿಯವರ ಕಣ್ಣು ತಪ್ಪಿಸಲು ಅಡಗಿಸಿಟ್ಟಿದ್ದಾನೆ, ಯುದ್ಧ ಮುಗಿದರೆ ತರುತ್ತಾನೆ ಎಂದುಕೊಂಡ. ಯುದ್ಧ ಮುಗಿಯುವ ಮೊದಲು ಪೂವಪ್ಪ ಮುಗಿದ. ಕೆಮ್ಮಿ ಕೆಮ್ಮಿ, ಕೊನೆಗೂ ಒಂದು ಮಾತು ಬಿಡದೆ ಹೋದ.

ಉತ್ತರಕ್ರಿಯೆಯ ಬೊಜ್ಜ ಕಳೆದದ್ದೇ ತಡ, ಜೆಪ್ಪುವಿನಿಂದ ಅಳಿಯ ಬಂದ. ಇಲ್ಲಿ ಒಂದು ವಿಷಯ ಹೇಳಬೇಕು. ಪೂವಪ್ಪನವರದು ಅಳಿಯಕಟ್ಟು. ಗಂಡಸು ದುಡಿದು ಮಾಡಿದ್ದು ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ, ಹೆಂಡತಿ ಮಕ್ಕಳಿಗಲ್ಲ. ಹೆಂಡತಿ ಮಕ್ಕಳಿಗೆ ಅವಳ ತಾಯಿ ಕಡೆಯದು, ಮಗನಿಗೆ ಅವನ ಸೋದರಮಾವನದು. ಲೆಕ್ಕ ಸರಿಯೇ. ಆದರೆ ದೇಯಿಗೆ ಅಣ್ಣತಮ್ಮಂದಿರೇ ಇರಲಿಲ್ಲ. ಮನೆ ಅವಳ ತಾಯಿಯದಾದ್ದರಿಂದ ತಲೆಯ ಮೇಲೆ ಸೂರು ಉಳಿಯಿತು, ಬೇರೇನೂ ಬರಲಿಲ್ಲ. ಅಳಿಯಕಟ್ಟಿಗೆ ಮಾಯಿಲಪ್ಪನ ವಿಳಾಸ ನೆನಪಾಗುವುದು ಕಿತ್ತುಕೊಳ್ಳುವಾಗ ಮಾತ್ರ.

ಅಳಿಯನ ಹೆಸರು ಮುದ್ದು, ಪೂವಪ್ಪನ ಅಕ್ಕ ಅಕ್ಕುವಿನ ಒಬ್ಬನೇ ಮಗ. ಬಂದರಿನ ಮಂಡಿಯಲ್ಲಿ ಗುಮಾಸ್ತ. ಅವನು ಜೋಡೆತ್ತಿನ ಗಾಡಿ ಹೊಡೆದುಕೊಂಡು ಹೋದ, ಗೋಡೆಯ ಗಡಿಯಾರ ಇಳಿಸಿದ, ತಾಮ್ರದ ಹಂಡೆ ಹೊರಿಸಿದ. ಲಾರಿಯ ಬಳಿ ನಿಂತು, ಬಾನೆಟ್ ಎತ್ತಿ ನೋಡಿ, ಟೈರಿಗೆ ಕಾಲಿನಿಂದ ತಟ್ಟಿ, "ಈ ಗುಜರಿ ಎಂತಕ್ಕೆ ನನಗೆ? ಇಲ್ಲೇ ಇರಲಿ ಮಾಮಿ" ಎಂದ. ಮಾಯಿಲಪ್ಪ ತುಟಿ ಕಚ್ಚಿ ಸುಮ್ಮನಿದ್ದ. ಗುಜರಿಯಾಗಿ ಉಳಿದರೆ ಅದು ತನ್ನದು, ಓಡಿದರೆ ಮುದ್ದುವಿನದು.

ಇದರಿಂದಾಗಿ ಅವನು ವರ್ಷಗಟ್ಟಲೆ ಲಾರಿಗೆ ಕೈ ಹಾಕಲಿಲ್ಲ. ಬೇರೆಯವರ ಬಸ್ಸಿನಲ್ಲಿ ಕ್ಲೀನರ್ ಆಗಿ, ಲಾರಿ ಓಡಿಸಲು ಬರುವ ಕೈಯಲ್ಲಿ ಹೆಂಗಸರ ಕೋಳಿಬುಟ್ಟಿ ಮೇಲೇರಿಸುತ್ತ, ತನಗಿಂತ ಸಣ್ಣ ಪ್ರಾಯದ ಡ್ರೈವರನಿಂದ "ಏಯ್" ಎನ್ನಿಸಿಕೊಳ್ಳುತ್ತ ಇದ್ದ. ಯುದ್ಧ ಮುಗಿದ ಮರುವರ್ಷ, ಮಳೆಗಾಲದ ಮೊದಲು, ಹೆಂಚಿನ ಕಾರ್ಖಾನೆಯ ಲೆಕ್ಕ ಬರೆಯುವ ರೈಟರು ದಾರಿಯಲ್ಲಿ ಸಿಕ್ಕಿ, "ದಸರೆ ಕಳೆದು ಸಾಗಾಟ ಶುರು. ಅಷ್ಟರಲ್ಲಿ ಲಾರಿ ತಂದ್ರೆ ಟ್ರಿಪ್ಪು ನಿನಗೆ. ಇಲ್ಲದಿದ್ರೆ ಬೇರೆಯವರು ಕಾದಿದ್ದಾರೆ" ಎಂದರು. ಇನ್ನು ಆದದ್ದಾಗಲಿ ಎಂದು ಮಾಯಿಲಪ್ಪ ಬಾನೆಟ್ ಎತ್ತಿದ. ಲಾರಿ ಒಮ್ಮೆ ರಸ್ತೆಗೆ ಬಿದ್ದು ಹೆಂಚು ಹೇರಿದರೆ, ಮುದ್ದು ಬಂದಾಗ ನೋಡಿಕೊಂಡರಾಯಿತು. ಜೆಪ್ಪುವಿನವರಿಗೆ ಮಾತ್ರ ಅಲ್ಲಿಯ ತನಕ ಗೊತ್ತಾಗಬಾರದು. ಅಕ್ಕು ಮಾಮಿಯ ಅಂಗಳದ ಮುಂದೆ ಹಾದು ಹೋದರೆ ಮುಖ ನೋಡಿಯೇ ಕಂಡುಹಿಡಿದಾಳು ಎಂದು ಅವನು ಸುತ್ತುಬಳಸಿನ ದಾರಿ ಹಿಡಿದು ಓಡಾಡತೊಡಗಿದ.

ಇಲಿ ಕಚ್ಚಿದ ವಯರು, ತುಕ್ಕು ಹಿಡಿದ ಟ್ಯಾಂಕು, ಡ್ರೈವರನ ಸೀಟಿನೊಳಗೆ ಸಂಸಾರ ಹೂಡಿದ ಕೆಂಪಿರುವೆ, ಎಲ್ಲದರ ಜೊತೆ ಜಗಳವಾಡಿ ಗೆದ್ದ. ಆದರೆ ಇಲ್ಲದ ಸಾಮಾನಿನ ಜೊತೆ ಜಗಳವಾಡುವುದು ಹೇಗೆ? ಹೊಸದು ಊರಿನಲ್ಲಿ ಯಾವ ಅಂಗಡಿಯಲ್ಲೂ ಇರಲಿಲ್ಲ. ಹೀಗೆ ತಲೆ ಕೆಟ್ಟು ಒಂದು ದಿನ ಬಂದರಿನಲ್ಲಿ ದೋಣಿ ನಿಲ್ಲುವ ದಕ್ಕೆಯಲ್ಲಿ ಕೂತಿದ್ದಾಗ, ಹೊಳೆಯಾಚೆಯ ಬೆಂಗ್ರೆಯಿಂದ ದೋಣಿಯಲ್ಲಿ ದಾಟಿ ಬಂದ ಉಸ್ಮಾನ್ ಬ್ಯಾರಿ ಪಕ್ಕದಲ್ಲಿ ಬುಟ್ಟಿ ಇಳಿಸಿದ. ಅಪ್ಪನ ಹಳೆಯ ಪರಿಚಯದವನು.

"ನಿನ್ನ ಅಪ್ಪನ ಕಬ್ಬಿಣ ಒಂದು ನಮ್ಮಲ್ಲಿ ಉಂಟಲ್ಲ. ಯಾವಾಗ ತಗೊಂಡು ಹೋಗ್ತೀ?"

ಮಾಯಿಲಪ್ಪ ಎದ್ದೇ ನಿಂತ. "ಎಂತ ಕಬ್ಬಿಣ ಬ್ಯಾರಿಗಳೇ? ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಮಗ ಬಂದು ಕೇಳಿದ್ರೆ ಕೊಡಿ ಅಂತ ಹೇಳಿದ್ರು. ನೀನು ಕೇಳ್ಲಿಲ್ಲ, ನಾನು ಕೊಡ್ಲಿಲ್ಲ. ಮಳೆ ಸೋರುವಾಗ ಮಂಚದಡಿಯಿಂದ ಅಟ್ಟಕ್ಕೆ, ಅಟ್ಟದಿಂದ ಮಂಚದಡಿಗೆ, ನನ್ನ ಹೆಂಡತಿ ಸಾಕಿ ಸಾಕಿ ಬೇಸತ್ತಳು."

ಹಾಯಿಬಟ್ಟೆಯಲ್ಲಿ ಸುತ್ತಿದ್ದ ಕಾರ್ಬೊರೇಟರ್ ಬೆಂಗ್ರೆಯಲ್ಲಿ ಸಿಕ್ಕಿತು. ಎಣ್ಣೆ ಹಚ್ಚಿದ್ದರಿಂದ ಮಿರಮಿರ ಮಿಂಚುತ್ತಿತ್ತು. ಹ್ಯಾಂಡಲ್ ಫಳ್ನೀರಿನ ಅಪೊಲೋನಿಯಾ ಬಾಯಮ್ಮನ ಹತ್ತಿರ ಇರಬೇಕು ಎಂದು ಉಸ್ಮಾನನೇ ಹೇಳಿದ. ಆಕೆಯ ಮನೆಯ ಮಾಡಿಗೆ ಹೆಂಚು ತಂದು ಹಾಕಿದವನು ಪೂವಪ್ಪ. ಹೋಗಿ ನೋಡಿದರೆ ಹ್ಯಾಂಡಲ್ಲಿಗೆ ಹಗ್ಗ ಕಟ್ಟಿ, ಅಡುಗೆಮನೆಯ ಜಂತಿಯಿಂದ ಇಳಿಬಿಟ್ಟು, ಬಾಯಮ್ಮ ಅದಕ್ಕೆ ಬಾಳೆಗೊನೆ ನೇತು ಹಾಕಿದ್ದಳು. ಊರಿಗೆಲ್ಲ ಗೊತ್ತು, ಮನೆಯ ಮಗನಿಗೆ ಗೊತ್ತಿಲ್ಲ. ಮಾಯಿಲಪ್ಪನಿಗೆ ಅಪಮಾನದಿಂದ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಕೂರಿಸಿಕೊಂಡು ಊರೂರು ತಿರುಗಿದ ಮಗನಿಗಿಂತ ಈ ಬಾಳೆಗೊನೆಯ ಮೇಲೆ ಅಪ್ಪನಿಗೆ ನಂಬಿಕೆ ಹೆಚ್ಚಾಯಿತಲ್ಲ.

"ಇನ್ನೊಂದು ಸಣ್ಣ ತುಂಡು ಉಂಟು ಬಾಯಮ್ಮ. ಕಪ್ಪು. ಇಷ್ಟೇ ಇಷ್ಟು."

"ಅದನ್ನು ನನಗೆ ತೋರಿಸಿದ್ರು, ಕೊಡ್ಲಿಲ್ಲ. ಇದು ಅಕ್ಕನ ಹತ್ತಿರ ಇಡ್ಲಿಕ್ಕೆ ಅಂತ ಹೇಳಿ ಕಿಸೆಗೆ ಹಾಕಿ, ಜೆಪ್ಪುವಿಗೆ ಹೊರಟ್ರು."

ಮಾಯಿಲಪ್ಪ ಬಾಯಮ್ಮ ಕೊಟ್ಟ ಬಾಳೆಹಣ್ಣನ್ನು ಅರ್ಧದಲ್ಲೇ ಬಿಟ್ಟ. ಊರಲ್ಲಿ ಇಷ್ಟು ಜನ ಇರುವಾಗ, ಲಾರಿಯ ಜೀವವನ್ನು ಮುದ್ದುವಿನ ತಾಯಿಯ ಕೈಯಲ್ಲಿ ಇಟ್ಟು ಸತ್ತ ಮನುಷ್ಯನಿಗೆ ಏನನ್ನಬೇಕು? ಹೋಗಿ ಕೇಳಿದರೆ ಲಾರಿ ಓಡುತ್ತದೆ ಎಂದು ತಾನೇ ಡಂಗುರ ಸಾರಿದಂತೆ. ಕೇಳದಿದ್ದರೆ ಲಾರಿ ಓಡುವುದಿಲ್ಲ.

ಅವನು ಕೇಳಲಿಲ್ಲ. ಬಾಚಣಿಗೆ ಮಾಡುವವನೊಬ್ಬನನ್ನು ಹಿಡಿದು, ಎಮ್ಮೆಯ ಕೊಂಬಿನಲ್ಲಿ ರೋಟರ್ ಕೆತ್ತಿಸಿ, ಹಿತ್ತಾಳೆಯ ಪಟ್ಟಿ ಕೂರಿಸಿದ. ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ಒಮ್ಮೆ ಗುಡುಗಿತು. ದೇಯಿ ಓಡಿ ಹೊರಗೆ ಬಂದಳು. ಮರುಗಳಿಗೆಗೆ ಎಲ್ಲ ನಿಂತು, ಕೊಂಬು ಸುಟ್ಟ ವಾಸನೆ ಅಂಗಳ ತುಂಬಿತು. ಮೂಗಿಗೆ ಸೆರಗು ಹಿಡಿದುಕೊಂಡು ಅವಳು, "ನಾಳೆ ಜೆಪ್ಪುವಿಗೆ ಹೋಗಿ ಬಾ" ಎಂದಳು. ದಸರೆ ಹತ್ತಿರ ಬಂದಿತ್ತು.

ಮುದ್ದು ಮಂಡಿಗೆ ಹೋಗಿರುವ ಹೊತ್ತು ನೋಡಿ ಹೋದ. ಅಕ್ಕು ಜಗಲಿಯಲ್ಲಿ ಕೂತು ಅಂಗಳ ಗುಡಿಸುವ ಹಿಡಿಸೂಡಿಗೆಂದು ಕತ್ತಿಯಿಂದ ತೆಂಗಿನ ಗರಿಯ ಕಡ್ಡಿ ತೆಗೆಯುತ್ತಿದ್ದಳು. ಒಳಗಿನಿಂದ ಕೆಮ್ಮು ಕೇಳಿಸಿತು. ಜ್ವರವೆಂದು ಮುದ್ದು ಅಂದೇ ಮನೆಯಲ್ಲಿ ಉಳಿದಿದ್ದ. ಮಾಯಿಲಪ್ಪನ ಅದೃಷ್ಟ ಯಾವತ್ತೂ ಇಷ್ಟೇ. ಅವನು ಮಳೆಯ ಮಾತಾಡಿದ, ಮೀನಿನ ಮಾತಾಡಿದ. ಅಕ್ಕು ತಲೆ ಎತ್ತದೆ ಕಡ್ಡಿ ಕೆರೆದಳು. ಕೊನೆಗೆ ಅವನ ಸಹನೆಯ ಕಟ್ಟೆಯೇ ಒಡೆಯಿತು.

"ಮಾಮಿ, ಅಪ್ಪ ಒಂದು ತುಂಡು ನಿಮ್ಮಲ್ಲಿ ಇಟ್ಟಿದ್ದಾರಂತೆ. ಅದನ್ನು ಕೇಳ್ಲಿಕ್ಕೆ ಬಂದೆ."

"ಬಂದೆಯಲ್ಲ," ಎಂದಳು ಅಕ್ಕು. "ನನ್ನ ಅಂಗಳ ಕಂಡ್ರೆ ಸುತ್ತು ಹೊಡೆದು ಹೋಗುವವ. ನನಗೆ ಕಣ್ಣಿಲ್ಲ ಅಂತ ಮಾಡಿದ್ದೀಯಾ? ನಾನೇ ಕರೆದು ಹೇಳ್ತಿದ್ದೆ. ಕೋಪ ಬಂತು, ಹೇಳ್ಲಿಲ್ಲ."

"ಮಿಲಿಟರಿಯವರಿಗೆ ಹೆದರಿ ಅಡಗಿಸಿದ್ರೆ ನನಗೆ ಒಂದು ಮಾತು ಹೇಳ್ಬಹುದಿತ್ತು ಅಪ್ಪ."

ಅಕ್ಕು ಕತ್ತಿ ಕೆಳಗಿಟ್ಟಳು. "ನಿನ್ನ ಅಪ್ಪನ ಮುದಿ ಲಾರಿ ಮಿಲಿಟರಿಗೆ ಎಂತಕ್ಕೆ ಮಾರಾಯ? ಅವನಿಗೆ ಕೆಮ್ಮಿದರೆ ರಕ್ತ ಬರ್ತಿತ್ತು. ಉಳಿಯುದಿಲ್ಲ ಅಂತ ಗೊತ್ತಿತ್ತು. ಇಲ್ಲೇ, ನೀನು ಕೂತಲ್ಲೇ ಕೂತು ಹೇಳಿದ. 'ಅಕ್ಕಾ, ಓಡುವ ಲಾರಿ ಬಿಟ್ಟು ಸತ್ತರೆ ಅದು ನಿನ್ನ ಮಗನದ್ದು. ಕಟ್ಟನ್ನು ನಾನು ಮುರಿಯುದಿಲ್ಲ. ಓಡದ ಲಾರಿ ಬಿಟ್ಟು ಹೋಗ್ತೇನೆ, ಅದನ್ನು ಯಾರೂ ಕೇಳುದಿಲ್ಲ. ಆದರೆ ನಿನಗೆ ಮೋಸ ಮಾಡಿ ಹೋಗ್ಲಿಕ್ಕೆ ನನಗೆ ಮನಸ್ಸಿಲ್ಲ. ಜೀವ ನಿನ್ನ ಹತ್ತಿರ ಇರಲಿ. ನನ್ನ ಮಗನಿಗೆ ನಾನು ಹೇಳುದಿಲ್ಲ. ಹೇಳಿದ್ರೆ ಅವ ಗೊತ್ತಿದ್ದೂ ಬಚ್ಚಿಟ್ಟ ಕಳ್ಳ ಆಗ್ತಾನೆ' ಅಂತ."

ತನ್ನನ್ನು ನಂಬಲಿಲ್ಲವೆಂದು ಮಾಯಿಲಪ್ಪ ಇಷ್ಟು ಕಾಲ ಅಪ್ಪನನ್ನು ಬಯ್ದಿದ್ದ. ಅಪ್ಪನೋ, ಅಕ್ಕನಿಗೂ ಮೋಸವಾಗದೆ, ಮಗನಿಗೂ ಕಳಂಕ ಹತ್ತದೆ, ಕಟ್ಟೂ ಮುರಿಯದೆ ಕೊಡುವ ದಾರಿಯನ್ನು ಒಂದೊಂದೇ ಬೋಲ್ಟ್ ಬಿಚ್ಚಿ ಹುಡುಕಿದ್ದ. ಹೀಗಿದ್ದೂ ಬಾಯಿ ಬಿಟ್ಟು ಹೇಳಲಿಲ್ಲವಲ್ಲ ಎಂದು ಮತ್ತೆ ಸಿಟ್ಟು ಬಂತು. ಅಳುವೂ ಬಂತು.

ಅಕ್ಕು ಒಳಗೆ ಹೋಗಿ ಉಪ್ಪಿನಕಾಯಿ ಭರಣಿಗಳ ಹಿಂದಿನಿಂದ ಒಂದು ಗಂಟು ತಂದಳು. ಬಿಚ್ಚಿ, ಮಾಯಿಲಪ್ಪನಿಗೆ ಕೊಡಲಿಲ್ಲ. ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಿದ್ದ ಮುದ್ದುವಿನ ಅಂಗೈಯಲ್ಲಿ ಇಟ್ಟಳು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಕಟ್ಟಿನ ಪ್ರಕಾರ ಲಾರಿ ಇವನದ್ದು," ಎಂದಳು. "ಕೊಡುದಿದ್ರೆ ಇವನೇ ಕೊಡ್ಬೇಕು. ನಾನು ಇಷ್ಟರ ತನಕ ಕಾದೆ. ಇನ್ನು ನನ್ನದು ಮುಗೀತು."

ಮುದ್ದು ಆ ತುಂಡನ್ನು ಬೆಳಕಿಗೆ ಹಿಡಿದ. "ಇದಿಲ್ಲದೆ ಲಾರಿ ಹೋಗುದಿಲ್ವಾ?"

"ಇಲ್ಲ," ಎಂದ ಮಾಯಿಲಪ್ಪ.

"ನನಗೆ ಯಾಕೆ ಹೇಳ್ಲಿಲ್ಲ ಅಮ್ಮ?"

"ಹೇಳಿದ್ರೆ ಗುಜರಿ ಅಂತ ಬಿಟ್ಟು ಬರ್ತಿದ್ದೆಯಾ?"

ಮಾಯಿಲಪ್ಪ ಮುದ್ದುವಿನ ಬೆರಳುಗಳನ್ನೇ ನೋಡುತ್ತಿದ್ದ. ಅವು ಮಡಚಿಕೊಂಡರೆ ಹೆಂಚೂ ಇಲ್ಲ, ಟ್ರಿಪ್ಪೂ ಇಲ್ಲ, ಸಾಯುವ ತನಕ ಕೋಳಿಬುಟ್ಟಿ. ಮುದ್ದು ತುಂಡನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿದ.

"ಗಾಡಿ ನನಗೆ ಬಂತು. ಗಡಿಯಾರ ಬಂತು, ಹಂಡೆ ಬಂತು. ಎಲ್ಲ ನಿನ್ನದೇ ಅಂತ ಸಣ್ಣದಿರುವಾಗಿನಿಂದ ಎಲ್ಲರೂ ಹೇಳ್ತಿದ್ರು. ಆದರೆ ಮಾವ ಒಂದು ದಿನ ನನ್ನನ್ನು ಆ ಲಾರಿಗೆ ಹತ್ತಿಸ್ಲಿಲ್ಲ ಭಾವ. ಈ ರಸ್ತೆಯಲ್ಲಿ ಹೋಗುವಾಗ ನಾನು ಅಂಗಳದಲ್ಲಿ ನಿಂತು ನೋಡ್ತಿದ್ದೆ. ಎಡದ ಸೀಟಿನಲ್ಲಿ ಯಾವಾಗ್ಲೂ ನೀನು."

ಅಂಗಳದಲ್ಲಿ ನಿಂತವನನ್ನು ಮಾಯಿಲಪ್ಪ ಒಮ್ಮೆಯೂ ನೋಡಿದ್ದಿಲ್ಲ. ಮುದ್ದು ಕೈ ಚಾಚಿ ರೋಟರನ್ನು ಅವನ ಅಂಗೈಗೆ ಹಾಕಿದ. ಅದು ಜ್ವರದ ಕೈಯಿಂದ ಬಿಸಿಯಾಗಿತ್ತು.

"ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡ್ತೇನೆ," ಎಂದ ಮಾಯಿಲಪ್ಪ, ಆದಷ್ಟು ಒರಟಾಗಿ. "ಬೇಗ ಬಾ. ನಿನಗೋಸ್ಕರ ಕಾಯ್ಲಿಕ್ಕೆ ಆಗುದಿಲ್ಲ."

ಮರುದಿನ ಜ್ವರ ಬಿಟ್ಟಿರಲಿಲ್ಲ. ಆದರೂ ಮುದ್ದು ಕಂಬಳಿ ಹೊದ್ದುಕೊಂಡೇ ಬಂದ. ಎಂಜಿನ್ ಅಷ್ಟು ಸುಲಭಕ್ಕೆ ಹಿಡಿಯಲಿಲ್ಲ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಮಾಯಿಲಪ್ಪನ ಭುಜ ಕಳಚುವಂತಾಯಿತು. ಅಪ್ಪನಿಗೆ, ಬಾಯಮ್ಮನಿಗೆ, ಷವರ್ಲೆಟ್ ಮಾಡಿದವರಿಗೆ ಎಲ್ಲರಿಗೂ ಬಯ್ದಾದ ಮೇಲೆ ಅದು ಕೆಮ್ಮಿ, ಹೊಗೆ ಕಾರಿ, ಗುಡುಗುಟ್ಟತೊಡಗಿತು. ದೇಯಿ ಬಾಗಿಲ ಬಳಿ ನಿಂತು ಕಣ್ಣು ಒರೆಸಿಕೊಂಡಳು. ಮಾಯಿಲಪ್ಪ ಓಡಿ ಬಂದು ಅಭ್ಯಾಸಬಲದಿಂದ ಎಡಗಡೆಯ ಬಾಗಿಲು ತೆಗೆದ. ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಬಾಗಿಲನ್ನು ತೆರೆದೇ ಬಿಟ್ಟು, ಸುತ್ತು ಹಾಕಿ ಬಲಗಡೆಗೆ ಹೋಗಿ ಅಪ್ಪನ ಸೀಟಿನಲ್ಲಿ ಕೂತ.

"ಹತ್ತು ಮಾರಾಯ," ಎಂದ. "ಪೆಟ್ರೋಲು ಸುಟ್ಟು ಹೋಗ್ತಾ ಉಂಟು."