ಗುಡುಗು ಬಂದರೆ ಪ್ಲಗ್ ತೆಗೆಯಬೇಕು

ಆ ಬೇಸಿಗೆಯಲ್ಲಿ ಅಮ್ಮನ ಬೆನ್ನಿನ ಹುಣ್ಣು ಮತ್ತೆ ಬಾಯಿ ಬಿಟ್ಟಿತು. ಪಾರ್ಶ್ವವಾಯು ಬಡಿದು ಅವಳು ಹಾಸಿಗೆ ಹಿಡಿದು ಎರಡನೇ ವರ್ಷ. ಬಲಗಡೆಯ ಕೈಕಾಲು ಹೋಗಿತ್ತು, ಮಾತೂ ಹೋಗಿತ್ತು. ಉಳಿದದ್ದು ಎಡಗೈ ಮತ್ತು ಎರಡು ಕಣ್ಣು. ಮೊದಲ ಹುಣ್ಣು ವಾಸಿಯಾದ ಮೇಲೆ ಇನ್ನೊಂದು ಆಗದಿರಲೆಂದು ಏರ್ ಬೆಡ್ ತಂದಿದ್ದೆವು. ಮಂಚದ ಕಾಲಬದಿಯಲ್ಲಿ ತೂಗುಹಾಕಿದ ಸಣ್ಣ ಪಂಪು ಹಗಲೂ ರಾತ್ರಿ ಗುಂಯ್ಗುಡುತ್ತಾ ಅದಕ್ಕೆ ಗಾಳಿ ತುಂಬುತ್ತಿತ್ತು. ಕರೆಂಟು ಹೋದರೂ ನಿಲ್ಲಬಾರದೆಂದು ಇನ್ವರ್ಟರಿನ ಲೈನನ್ನೂ ಎಳೆಸಿದ್ದೆ. ಮಳೆಗಾಲ, ಚಳಿಗಾಲ ಎರಡನ್ನೂ ಹುಣ್ಣಿಲ್ಲದೆ ದಾಟಿಸಿದೆನೆಂಬ ಜಂಬ ನನಗೆ. ಎಪ್ರಿಲ್ ಮುಗಿಯುವ ಹೊತ್ತಿಗೆ ಜಂಬವೆಲ್ಲ ಇಳಿದುಹೋಯಿತು.

ಮಂಗಳೂರಿನ ಸೆಕೆಯನ್ನು ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಬೇರೆ ಊರುಗಳಲ್ಲಿ ನೆರಳಿಗೆ ಹೋದರೆ ಬಿಸಿಲಿನಿಂದ ತಪ್ಪಿಸಿಕೊಳ್ಳಬಹುದು. ಇಲ್ಲಿ ನೆರಳೂ ಬೆವರುತ್ತದೆ. ಸ್ನಾನ ಮಾಡಿ ಮೈ ಒರಸಿಕೊಳ್ಳುವಷ್ಟರಲ್ಲಿ ಇನ್ನೊಂದು ಸ್ನಾನ ಆಗಿರುತ್ತದೆ. ಜೆಪ್ಪುವಿನ ನಮ್ಮ ತಾರಸಿ ಮನೆ ಹಗಲಿಡೀ ಕಾದು, ಸಂಜೆ ಆ ಬಿಸಿಯನ್ನೆಲ್ಲ ನಮ್ಮ ಮೇಲೆ ಇಳಿಸುತ್ತಿತ್ತು. ಫ್ಯಾನು ಅದನ್ನೇ ಅಪ್ಪ, ಅಮ್ಮ, ನಾನು, ಮೂವರಿಗೂ ಸಮನಾಗಿ ಹಂಚುತ್ತಿತ್ತು. ನಾವಾದರೆ ಎದ್ದು ಓಡಾಡುತ್ತೇವೆ, ಬೊಂಡ ಕೆತ್ತಿಸಿ ಎಳನೀರು ಕುಡಿಯುತ್ತೇವೆ, ಸೆಕೆಗೆ ಬೈಯುತ್ತೇವೆ. ಅಮ್ಮ ತನ್ನ ಬೆವರಿನಲ್ಲಿ ತಾನೇ ನೆನೆಯುತ್ತಾ ಮಲಗಿರುತ್ತಿದ್ದಳು. ಅದನ್ನು ನೋಡುವಾಗ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತಿತ್ತು. ಯಾರ ಮೇಲೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಡ್ರೆಸ್ಸಿಂಗ್ ಮಾಡಲು ವಾಮಂಜೂರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ನರ್ಸ್ ಹುಣ್ಣನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಎಂತ ಮಾರಾಯ್ರೆ ಇದು? ಬರೀ ಸೆಕೆಗೆ ಹೀಗಾಗುದಿಲ್ಲ. ಬೆಡ್ಡಿನ ಗಾಳಿ ಹೋಗ್ತಾ ಉಂಟಾ ಒಮ್ಮೆ ನೋಡಿ. ಇನ್ನು ಆಳಕ್ಕೆ ಹೋದ್ರೆ ಆಸ್ಪತ್ರೆಗೇ ಹಾಕ್ಬೇಕಾದೀತು. ಈ ಪ್ರಾಯದಲ್ಲಿ ಇನ್ಫೆಕ್ಷನ್ ಏರಿದ್ರೆ ಮತ್ತೆ ಕಷ್ಟ ಉಂಟು."

ಅವರು ಹೊರಟ ಕೂಡಲೇ ಹಾಸಿಗೆಯ ಉದ್ದಕ್ಕೂ ಸೋಪಿನ ನೀರು ಸವರಿ ತೂತು ಹುಡುಕಿದೆ. ಸಿಗಲಿಲ್ಲ. ಪಂಪೂ ಸರಿಯಾಗಿತ್ತು.

ನಾನು ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಮಾಡುವವಳು. ಮನೆ ಸೇರುವಾಗ ಮುಸ್ಸಂಜೆಯಾಗುತ್ತದೆ. ಅಲ್ಲಿಯವರೆಗೆ ಅಮ್ಮನ ಹತ್ತಿರ ಅಪ್ಪ ಒಬ್ಬರೇ. ಬೇಸಿಗೆಯ ಗುಡುಗಾದರೋ ಮಧ್ಯಾಹ್ನ ಕಳೆದ ಮೇಲೆ, ಘಟ್ಟದ ಕಡೆಯಿಂದ ಬರುವಂಥದ್ದು. ಜೂನ್ ತಿಂಗಳ ಮಳೆ ಕಡಲಿನ ಕಡೆಯಿಂದ ಮೊದಲೇ ಹೇಳಿ ಬರುತ್ತದೆ. ಇದಕ್ಕೆ ಆ ಮರ್ಯಾದೆ ಇಲ್ಲ. ಮೂಡುದಿಕ್ಕು ಕಪ್ಪಾಗುತ್ತದೆ, ಗಾಳಿ ಪೂರಾ ನಿಲ್ಲುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಆಮೇಲೆ ಗುಡುಗು. ಎಷ್ಟೋ ದಿನ ಹನಿ ಮಳೆಯೂ ಬಾರದೆ ಸಂಜೆಯವರೆಗೆ ಬರೀ ಗುಡುಗೇ. ನಾನು ಮನೆಗೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು.

ಅಂಥದ್ದೇ ಒಂದು ದಿನ ಕಾಲೇಜಿನ ಟ್ರಾನ್ಸ್‌ಫಾರ್ಮರ್ ಕೆಟ್ಟು ನಮ್ಮನ್ನೆಲ್ಲ ಬೇಗ ಕಳಿಸಿದರು. ಮನೆಯ ಬಾಗಿಲು ತೆರೆದಾಗ ಸುಟ್ಟ ಗರಿಯ ವಾಸನೆ. ಈಸ್ಟರಿನ ಮುಂಚಿನ ಗರಿಗಳ ಭಾನುವಾರ ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ತೆಂಗಿನ ಗರಿಯನ್ನು ಸಿಡಿಲಿನ ಹೊತ್ತಿಗೆ ಸುಡುವುದು ನಮ್ಮಲ್ಲಿ ರೂಢಿ. ಟಿ.ವಿ., ಫ್ರಿಜ್ಜು, ಮೋಡೆಮ್ಮು, ಎಲ್ಲದರ ವಯರುಗಳೂ ಗೋಡೆಯಿಂದ ಕಿತ್ತು ನೇತಾಡುತ್ತಿದ್ದವು. ಪಂಪಿನದೂ. ಹಾಸಿಗೆ ಚಪ್ಪಟೆಯಾಗಿತ್ತು. ಅಮ್ಮನ ಬೆನ್ನುಮೂಳೆ ಹಲಗೆಗೆ ತಾಗಿತ್ತು. ಅಪ್ಪ ಮಂಚದ ಅಂಚಿನಲ್ಲಿ ಸಣ್ಣ ಮಕ್ಕಳ ಹಾಗೆ ಎರಡೂ ಕಾಲು ಮೇಲೆತ್ತಿಕೊಂಡು ಕುಳಿತಿದ್ದರು.

"ಪಪ್ಪ, ಇದನ್ನು ಯಾರು ತೆಗ್ದದ್ದು?"

"ನಾನೇ. ಗುಡುಗು ಬಂದ್ರೆ ಪ್ಲಗ್ ತೆಗೀಬೇಕಲ್ಲ."

ನನ್ನ ಸಿಟ್ಟಿಗೆ ಅಂತೂ ಒಂದು ವಿಳಾಸ ಸಿಕ್ಕಿತು. ಅರ್ಧ ಆಯುಷ್ಯ ಮಸ್ಕತ್ತಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಮನುಷ್ಯ! ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದೆ. ಬೇರೆ ಏನೇನೋ ಅಂದೆ. ನನ್ನ ನಾಲಿಗೆ ಅಮ್ಮನಿಂದ ಬಂದದ್ದು, ಒಮ್ಮೆ ಹೊರಟರೆ ನಿಲ್ಲುವುದಿಲ್ಲ. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡರು. ಡ್ರೆಸ್ಸಿಂಗಿನ ಪ್ಲಾಸ್ಟರನ್ನೇ ಪ್ಲಗ್ಗಿನ ಮೇಲೆ ಅಡ್ಡಡ್ಡ ಅಂಟಿಸಿದೆ. ಮುಂದಿನ ಗುಡುಗಿಗೆ ಪ್ಲಾಸ್ಟರೂ ಕಿತ್ತುಬಂದಿತ್ತು. ಅಂದು ನಾನು ಅಪ್ಪನೊಡನೆ ಮಾತು ಬಿಟ್ಟೆ.

ಭಾನುವಾರ ಮಧ್ಯಾಹ್ನ ಮತ್ತೆ ಮೋಡ ಕಟ್ಟಿತು. ಅಪ್ಪ ಬಚ್ಚಲಲ್ಲಿದ್ದರು. ಅಮ್ಮನ ಹತ್ತಿರ ನಾನೊಬ್ಬಳೇ. ಮೊದಲ ಗುಡುಗು ಉರುಳಿದ್ದೇ ತಡ, ಅವಳ ಎಡಗೈ ಮಂಚವನ್ನು ಬಡಿಯತೊಡಗಿತು. ನೋವೆಂದುಕೊಂಡು ಬಗ್ಗಿದೆ. ಆ ಕೈ ನನ್ನನ್ನು ದೂಡಿ ಗೋಡೆಯ ಕಡೆ ತೋರಿಸಿತು. ಗಂಟಲಿನಿಂದ ಒಂದು ಸ್ವರ ಬಂತು, ಮಾತಲ್ಲ, ಬರೀ ಸ್ವರ. ಕಣ್ಣೆರಡೂ ಪ್ಲಗ್ಗಿನ ಮೇಲೆಯೇ ಇದ್ದವು.

ನಾನು ಸಣ್ಣವಳಿದ್ದಾಗಿನ ಗುಡುಗುಗಳೆಲ್ಲ ಆಗ ಒಟ್ಟಿಗೇ ನೆನಪಾದವು. ಮನೆಯಲ್ಲಿ ನಾವಿಬ್ಬರೇ. ಮಿಂಚು ಕಂಡ ಕೂಡಲೇ ಅಮ್ಮ ಕೋಣೆಯಿಂದ ಕೋಣೆಗೆ ಓಡಿ ಪ್ಲಗ್ಗುಗಳನ್ನು ಕೀಳುತ್ತಿದ್ದಳು, ಗರಿ ಸುಡುತ್ತಿದ್ದಳು, ನನ್ನನ್ನು ಇದೇ ಹಲಸಿನ ಮಂಚದ ಮೇಲೆ ಕೂರಿಸಿ ಜಪಸರ ಹಿಡಿಯುತ್ತಿದ್ದಳು. ಒಂದು ಸಲ ಅಪ್ಪ ತಂದ ಟೇಪ್ ರೆಕಾರ್ಡರ್ ಅವಳ ಕೈಯಳತೆಯಲ್ಲೇ ಸಿಡಿದು ಗೋಡೆ ಕಪ್ಪಾಗಿತ್ತು. ಅಪ್ಪ ಅದೊಂದನ್ನೂ ಕಂಡವರಲ್ಲ. ಅವರಿಗೆ ರಜೆ ಸಿಗುತ್ತಿದ್ದದ್ದು ಕ್ರಿಸ್ಮಸ್ಸಿಗೆ. ಡಿಸೆಂಬರಿನಲ್ಲಿ ಗುಡುಗೆಲ್ಲಿ?

ಅಪ್ಪ ಒದ್ದೆ ಮೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದರು. "ತೆಗ್ದುಬಿಡು ಮಗಾ. ಅವಳು ಹೆದರ್ತಾಳೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಪಪ್ಪ?"

"ಹೇಳಿದ್ರೆ ನೀನು ಅವಳಿಗೆ ಬೈತಿದ್ದಿ. ತಿರುಗಿ ಹೇಳ್ಲಿಕ್ಕೆ ಅವಳಿಗೆ ಈಗ ಬಾಯಿ ಉಂಟಾ?" ಮಂಚದ ಹತ್ತಿರ ಬಂದು ಅವರೇ ಅಂದರು, "ಸಿಡಿಲಿಗೆ ಆ ಪಂಪಿನಿಂದ ಎಂತ ಅಪಾಯವೂ ಇಲ್ಲಂತ ನನಗೆ ಗೊತ್ತಿಲ್ವಾ? ಅವಳಿಗೆ ಹೇಳಿ ಹೇಳಿ ಸಾಕಾಯ್ತು."

ಇನ್ನೊಂದು ಸಿಡಿಲು ತೀರ ಹತ್ತಿರದಲ್ಲೇ ಬಡಿಯಿತು. ಅಮ್ಮನ ಸ್ವರ ಏರಿತು. ಆ ಹುಣ್ಣನ್ನು ದಿನಾ ಕಣ್ಣಾರೆ ಕಂಡಿದ್ದ ನಾನು, ನನ್ನ ಕೈಯಾರೆ ಪ್ಲಗ್ಗನ್ನು ಎಳೆದೆ.

ಪಂಪಿನ ಸದ್ದು ನಿಂತಿತು. ಹಾಸಿಗೆ ಮೆಲ್ಲಮೆಲ್ಲನೆ ಇಳಿಯತೊಡಗಿತು. ನನಗೆ ಅಷ್ಟು ಭಯ ಯಾವ ಸಿಡಿಲಿಗೂ ಆದದ್ದಿಲ್ಲ. ಹುಣ್ಣು ಹಲಗೆಗೆ ತಾಗದಂತೆ ಇಬ್ಬರೂ ಸೇರಿ ಅಮ್ಮನನ್ನು ಮಗ್ಗುಲಿಗೆ ಹೊರಳಿಸಿದೆವು. ಅಪ್ಪ ಸೊಂಟ ಹಿಡಿದರು, ನಾನು ಭುಜ ಹಿಡಿದೆ. ನಮ್ಮ ಬೆವರು ಅವಳ ಬೆನ್ನಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಅಷ್ಟಾದರೂ ಅಮ್ಮನ ಕೈ ಸುಮ್ಮನಾಗಲಿಲ್ಲ. ನನ್ನ ನೈಟಿಯ ಅಂಚನ್ನು ಹಿಡಿದು ಎಳೆಯಿತು. ಬಿಟ್ಟು, ಮಂಚವನ್ನು ತಟ್ಟಿತು. ಮತ್ತೆ ಎಳೆಯಿತು.

"ಇನ್ನು ಎಂತ ಬೇಕಂತೆ?" ಎಂದೆ.

"ನೆಲದಲ್ಲಿ ನಿಂತಿದ್ದಿ ನೋಡು," ಎಂದರು ಅಪ್ಪ. "ಕಾಲು ಮೇಲೆ ತಕೊಳ್ಬೇಕಂತೆ. ನನಗೂ ದಿನಾ ಹೀಗೇ."

ನಾನು ಮಂಚ ಹತ್ತಿ ಕಾಲು ಮೇಲೆತ್ತಿ ಕುಳಿತೆ. ಅಪ್ಪನೂ ಆ ಬದಿಯಿಂದ ಕಾಲೆತ್ತಿಕೊಂಡರು. ಅಮ್ಮ ನಮ್ಮಿಬ್ಬರ ಕಾಲುಗಳನ್ನೂ ಕಣ್ಣಿನಲ್ಲೇ ಪರೀಕ್ಷಿಸಿದಳು. ಆಮೇಲೆಯೇ ಅವಳ ಬೆರಳುಗಳು ಸಡಿಲವಾದವು. ಮಳೆ ಬರಲಿಲ್ಲ, ಗುಡುಗು ನಿಲ್ಲಲಿಲ್ಲ. ನಾಳೆ ನರ್ಸಿಗೆ ಏನು ಹೇಳುವುದೆಂದು ತಿಳಿಯದೆ, ಅವಳ ಭುಜ ಹಿಡಿದುಕೊಂಡು, ಅಮ್ಮ ಹೇಳಿದ ಹಾಗೆ ಕಾಲು ಮೇಲಿಟ್ಟುಕೊಂಡು ಕುಳಿತೇ ಇದ್ದೆ.